ಗುರುವಾರದ ರಜೆ ಮತ್ತು ಅಪ್ಪನ ತಾಳ

ರಜೆಯ ದಿನ ಸುಮ್ಮನೆ ಕೂರುವುದು ಸುಲಭ ಅಂದುಕೊಂಡವರು ಶಿಫ್ಟ್ ಕೆಲಸ ಮಾಡಿದವರಲ್ಲ ಬಿಡಿ. ನಾನು ಬಿಡದಿಯ ಒಂದು ಕಾರ್ಖಾನೆಗೆ ಸೇರಿ ಕೆಲವು ವರ್ಷಗಳಾಗಿದ್ದವು. ಜಗತ್ತಿಗೆಲ್ಲ ಭಾನುವಾರ ರಜೆಯಾದರೆ ನಮ್ಮ ಲೈನಿನವರಿಗೆ ಗುರುವಾರ. ಮದುವೆ, ಬೀಗರೂಟ, ನೆಂಟರಿಷ್ಟರು, ಯಾವುದೂ ಗುರುವಾರ ನೋಡಿಕೊಂಡು ಬರುವುದಿಲ್ಲ. ಹಾಗಾಗಿ ಅದು ಪೂರ್ತಿ ನನ್ನದೇ ದಿನ ಅಂತ ಬುಧವಾರ ಬಸ್ಸಿನಲ್ಲಿ ಬರುವಾಗಲೇ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದೆ. ತಡವಾಗಿ ಏಳಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೊಳ್ಳಬೇಕು. ಜಗುಲಿಯ ಮೇಲೆ ಚಾಪೆ ಹಾಸಿ, ಟೇಪ್ ರೆಕಾರ್ಡರನ್ನು ತಲೆದೆಸೆಗಿಟ್ಟುಕೊಂಡು, ನಮ್ಮೂರ ಭಜನೆಯ ಕ್ಯಾಸೆಟ್ ಹಾಕಿ ಕಣ್ಣು ಮುಚ್ಚಬೇಕು. ಇದಕ್ಕಿಂತ ಹೆಚ್ಚಿಗೆ ನಾನು ಯಾವ ದೇವರ ಹತ್ತಿರವೂ ಕೇಳಿದವನಲ್ಲ.

ಆಗುತ್ತಿದ್ದುದೇ ಬೇರೆ. ಗುರುವಾರ ಕೋಳಿ ಕೂಗುವ ಮೊದಲೇ ಎಚ್ಚರವಾಗಿಬಿಡುತ್ತಿತ್ತು. ಕಂಪನಿ ಬಸ್ಸು ಹೊಂಗನೂರಿನ ತಿರುವಿಗೆ ಬರುವ ಹೊತ್ತಿಗೆ ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿತ್ತು. ಇವತ್ತು ರಜ ಕಣಯ್ಯಾ, ಬಿದ್ದುಕೋ ಅಂತ ನನಗೆ ನಾನೇ ಬೈದುಕೊಂಡರೂ ಮೈ ಕೇಳುತ್ತಿರಲಿಲ್ಲ. ಎದ್ದು ಅಂಗಳದಲ್ಲಿ ಅತ್ತಿಂದಿತ್ತ ತಿರುಗುವುದು, ಸರಿಯಾಗಿಯೇ ಇದ್ದ ಬಾಗಿಲ ಚಿಲಕವನ್ನು ಬಿಚ್ಚಿ ಮತ್ತೆ ಕೂಡಿಸುವುದು, ಮೊಪೆಡ್ಡಿನ ಚೈನಿಗೆ ಎಣ್ಣೆ ಬಿಡುವುದು, ಇದೇ ಆಗುತ್ತಿತ್ತು. ಆಗಿನ್ನೂ ಹೊಸದಾಗಿ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುವಳು.

"ರಜ ಅಂದ್ರೆ ಸಾಕು, ನಿಮ್ಮ ಮೈಗೆ ಇರುವೆ ಬುಟ್ಟಂಗಾಯ್ತದೆ ನೋಡಿ," ಅನ್ನುವಳು.

ಆ ಮಾತು ನನಗೆ ಒಂದೊಂದು ಸಲ ಎರಡು ಬಾರಿ ಹೇಳಿಸಿಕೊಂಡ ಮೇಲೆ ತಿಳಿಯುತ್ತಿತ್ತು. ಅವಳದು ಮೊದಲೇ ಮೆಲುದನಿ. ಇತ್ತೀಚೆಗೆ ಬೇಕೆಂದೇ ಇನ್ನೂ ಮೆಲ್ಲಗೆ ಮಾತಾಡುತ್ತಾಳೆ ಅಂತ ನನಗೆ ಒಳಗೊಳಗೇ ಸಿಟ್ಟು. ಅಡುಗೆಮನೆಯಿಂದ ಏನೋ ಅಂದರೆ, "ಬಾಯಲ್ಲೇನು ಕಡುಬು ಇಟ್ಕಂಡಿದ್ದೀಯೇನೇ?" ಅಂತ ಕೂಗಾಡುತ್ತಿದ್ದೆ. ಅವಳು ಪಾಪ, ಹೊಸಬಳು, ಗಂಡನ ಸ್ವಭಾವವೇ ಹೀಗೆ ಅಂದುಕೊಂಡು ಸುಮ್ಮನಾಗುತ್ತಿದ್ದಳು. ನನ್ನ ಕಿವಿ ಹೋಗುತ್ತಿತ್ತು. ಅದು ಗೊತ್ತಾಗಬೇಕಾದ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೇ.

ಕಾರ್ಖಾನೆಯಲ್ಲಿ ನಾನಿದ್ದದ್ದು ಪ್ರೆಸ್ ಶಾಪಿನಲ್ಲಿ. ತಗಡನ್ನು ಅಚ್ಚಿನ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದು, ಗುಂಡಿ ಒತ್ತಿದರೆ ಮೇಲಿನಿಂದ ಯಂತ್ರ ಧಡ್ ಅಂತ ಬಿದ್ದು ತಗಡು ಮೂಲೆ ಬಾಗಿಸಿಕೊಂಡು ಆಚೆ ಬರುತ್ತಿತ್ತು. ಅಂಥ ಯಂತ್ರಗಳು ಸಾಲಿಗೆ ನಿಂತಿದ್ದವು. ಒಂದು ಎದ್ದರೆ ಇನ್ನೊಂದು ಬೀಳುತ್ತಿತ್ತು, ಬಿಡುವೇ ಇರುತ್ತಿರಲಿಲ್ಲ. ಅಲ್ಲಿ ಮಾತು ಅಂದರೆ ಕೈಸನ್ನೆ, ಇಲ್ಲವೇ ಕಿವಿಯೊಳಗೇ ಬಾಯಿಟ್ಟು ಕಿರುಚಾಟ. ಕಿವಿಗೆ ಇಟ್ಟುಕೊಳ್ಳಲು ಮೆತ್ತನೆಯ ಹಳದಿ ಬಿರಡೆಗಳನ್ನು ಕೊಡುತ್ತಿದ್ದರು. ಅವನ್ನು ಹಾಕಿಕೊಳ್ಳುತ್ತಿದ್ದವರು ಕಡಿಮೆ. ಕೋಡಿಹಳ್ಳಿ ಕಡೆಯ ನನ್ನ ಗೆಳೆಯನೊಬ್ಬ ತನ್ನ ಪಾಲಿನದನ್ನು ಮನೆಗೆ ಒಯ್ದು ಸೀಮೆಎಣ್ಣೆ ಬಾಟಲಿಗೆ ಮುಚ್ಚಳ ಮಾಡಿಕೊಂಡಿದ್ದ. "ಏನ್ಲಾ, ಕಂಪ್ನಿಯೋರು ಎಷ್ಟು ಒಳ್ಳೇ ಬಿರಡೆ ಕೊಡ್ತಾರೆ! ಒಂದು ತೊಟ್ಟೂ ಸೋರಾಕಿಲ್ಲ ಕಣ್ಲಾ," ಅಂತ ಅವನು ಮೆಚ್ಚಿಕೊಂಡಾಗ ಊಟದ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು.

ನಾನು ಅದನ್ನು ಹಾಕಿಕೊಳ್ಳದೆ ಇದ್ದುದಕ್ಕೆ ಕಾರಣವೇ ಬೇರೆ. ಆಗ ಅದು ನನಗೆ ಹೆಮ್ಮೆಯ ವಿಷಯವೂ ಆಗಿತ್ತು. ತಗಡು ಒಂದು ಕೂದಲೆಳೆಯಷ್ಟು ಓರೆ ಕೂತರೂ ಯಂತ್ರ ಬೀಳುವ ಸದ್ದು ಬದಲಾಗುತ್ತದೆ. ಆ ಸದ್ದು ನನಗೆ ಮೊದಲು ತಿಳಿಯುತ್ತಿತ್ತು, ಮಿಕ್ಕವರು ಹಾಳಾದ ತಗಡು ಆಚೆ ಬಂದ ಮೇಲೆ ನೋಡುತ್ತಿದ್ದರು. ಕಿವಿ ಮುಚ್ಚಿಕೊಂಡು ಕೆಲಸ ಮಾಡುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಾಡಿದ ಹಾಗೆ ಅಂತ ನನ್ನ ನಂಬಿಕೆ. ಹುಳಿನ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಇನ್ನೇನು ನಂಬಿಕೆ ಬರಲು ಸಾಧ್ಯ ಹೇಳಿ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ, ಅಪ್ಪ, ನಾನು, ನನ್ನ ಹೆಂಡತಿ. ಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಬಕಾಸುರನ ಹಸಿವು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ದಿನಗಳಲ್ಲಿ ಹುಳಿನ ಮನೆಯ ಬಾಗಿಲಿಗೆ ಬಂದು ನಿಂತರೆ ಒಳಗಿನಿಂದ ಒಂದು ಸದ್ದು ಬರುತ್ತದೆ. ಸಾವಿರಾರು ಸಣ್ಣ ಬಾಯಿಗಳು ಸೊಪ್ಪು ಕತ್ತರಿಸುವ ಸದ್ದು ಅದು. ತೆಂಗಿನ ಗರಿಯ ಮಾಡಿನ ಮೇಲೆ ಸೋನೆ ಮಳೆ ಹಿಡಿದ ಹಾಗಿರುತ್ತದೆ. ಅಪ್ಪ ಬಾಗಿಲನ್ನು ಒಂದು ಬೆರಳಷ್ಟು ತೆರೆದು, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದ. ಸದ್ದು ದಪ್ಪಗಿದ್ದರೆ ಸೊಪ್ಪು ಇನ್ನೂ ಇದೆ. ತೆಳ್ಳಗಾದರೆ ಇನ್ನೊಂದು ಮಂಕರಿ ತರಬೇಕು. ಪೂರಾ ನಿಂತರೆ ಏನೋ ಕೆಟ್ಟಿದೆ. ಸೊಪ್ಪು ಹಾಕಿದ ಮೇಲೆ ಒಳಗೆ ಹೋಗಿ ಕೆದಕುವುದು, ಎತ್ತಿ ನೋಡುವುದು ನಮ್ಮಲ್ಲಿ ಇಲ್ಲವೇ ಇಲ್ಲ. "ಹುಳ ಉಣ್ಣೋವಾಗ ಮೊಕ ನೋಡಬಾರ್ದು, ಕಿವಿ ಕೊಡಬೇಕು," ಅನ್ನುತ್ತಿದ್ದ ಅಪ್ಪ. ಚಡ್ಡಿ ಹಾಕುವ ವಯಸ್ಸಿನಲ್ಲೇ ನಾನೂ ಆ ಬಾಗಿಲಿಗೆ ಕಿವಿ ಕೊಡಲು ಕಲಿತಿದ್ದೆ. ಆ ಕಲಿಕೆಯನ್ನೇ ಬಿಡದಿಗೂ ಹೊತ್ತುಕೊಂಡು ಹೋಗಿದ್ದೆ.

ಇನ್ನು ಆ ಕ್ಯಾಸೆಟ್ಟಿನ ವಿಷಯ. ನಮ್ಮೂರಲ್ಲಿ ಹಿಂದೆ ಪ್ರತಿ ಶನಿವಾರ ಭಜನೆ ನಡೆಯುತ್ತಿತ್ತು. ಒಂದು ಹಾರ್ಮೋನಿಯಂ, ಒಂದು ತಬಲ, ಬೇಕಾದಷ್ಟು ಗಂಟಲು, ಮತ್ತೆ ಅಪ್ಪನ ಕೈಯಲ್ಲಿ ತಾಳ. ಆಮೇಲೆ ಹುಡುಗರೆಲ್ಲ ಒಬ್ಬೊಬ್ಬರಾಗಿ ಬಿಡದಿ ಕಡೆಗೆ ಕೆಲಸಕ್ಕೆ ಹೊರಟರು. ತಬಲದವನಿಗೆ ಬೆಳಗಿನ ಶಿಫ್ಟಾದರೆ ಹಾರ್ಮೋನಿಯಮ್ಮಿನವನಿಗೆ ರಾತ್ರಿ ಪಾಳಿ. ಶನಿವಾರ ಸಂಜೆ ಎಲ್ಲರೂ ಒಟ್ಟಿಗೆ ಕೂರುವುದೇ ಕಷ್ಟವಾಗಿ ಮೇಳ ತಾನಾಗಿ ನಿಂತುಹೋಯಿತು. ಜಗಳವಿಲ್ಲ, ಬೇಸರವಿಲ್ಲ, ಸುಮ್ಮನೆ ನಿಂತುಹೋಯಿತು. ಅಪ್ಪ ತಾಳವನ್ನು ಒಂದು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟ. ಅದಕ್ಕೂ ಮೊದಲು, ಒಂದು ಶನಿವಾರ ನಾನು ಹೊಸ ಟೇಪ್ ರೆಕಾರ್ಡರನ್ನು ಗುಡಿಯ ಕಂಬಕ್ಕೆ ಆನಿಸಿಟ್ಟು ಪೂರ್ತಿ ಭಜನೆಯನ್ನು ಹಿಡಿದಿಟ್ಟುಕೊಂಡಿದ್ದೆ. ಮಿಕ್ಕವರು ಸಿ.ಡಿ. ಕೊಂಡು ಸಿನಿಮಾ ಹಾಡು ಹಾಕಿಕೊಳ್ಳುತ್ತಿದ್ದಾಗಲೂ ನನಗೆ ಈ ಕ್ಯಾಸೆಟ್ಟೇ ಆಗಬೇಕಿತ್ತು.

ಅದರಲ್ಲೂ ಎರಡನೇ ಬದಿಯ ಒಂದು ಪದ. ಶುರುವಿನಲ್ಲಿ ನಿಧಾನ. ಆಮೇಲೆ ಬಿಸಿ ಏರುತ್ತಾ ಏರುತ್ತಾ, ಗಂಟಲುಗಳೆಲ್ಲ ಒಂದರ ಮೇಲೊಂದು ಬಿದ್ದು, ಇನ್ನೇನು ಗುಡಿಯ ಹೆಂಚು ಹಾರಿಹೋಗಬೇಕು ಅನ್ನುವಾಗ ಎಲ್ಲ ಒಟ್ಟಿಗೆ ನಿಲ್ಲುತ್ತದೆ. ಹಾರ್ಮೋನಿಯಂ ಇಲ್ಲ, ತಬಲ ಇಲ್ಲ, ಉಸಿರೂ ಇಲ್ಲ. ಆ ಖಾಲಿ ಜಾಗದಲ್ಲಿ ಅಪ್ಪ ತಾಳದ ಅಂಚಿಗೆ ಅಂಚನ್ನು ಮೆತ್ತಗೆ ತಾಗಿಸುತ್ತಾನೆ. ಟಿಣ್. ಹೊಡೆಯುವುದಲ್ಲ ಅದು, ಬರೀ ತಾಗಿಸುವುದು. ಆ ನಾದ ನೂಲಿನ ಎಳೆ ಬಿಚ್ಚಿದ ಹಾಗೆ ಸಣ್ಣಗೆ, ಉದ್ದಕ್ಕೆ ಹೋಗಿ, ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಹಾಗೆ ಮುಗಿಯುತ್ತದೆ. ಆಮೇಲೆ ಮತ್ತೆ ಎಲ್ಲ ಗಂಟಲೂ ಏಳುತ್ತವೆ. ವಾರವಿಡೀ ಧಡ್ ಧಡ್ ತಿಂದ ತಲೆಯೊಳಗೆ ಆ ಒಂದು ಎಳೆ ಹಾದುಹೋದರೆ ಸಾಕು, ನನಗೆ ರಜೆ ಸಾರ್ಥಕವಾಗುತ್ತಿತ್ತು.

ಆ ಗುರುವಾರವೂ ಅಷ್ಟೇ ಆಸೆಯಿಂದ ಚಾಪೆ ಹಾಸಿದೆ. ಹುಳ ನಾಲ್ಕನೇ ಜ್ವರ ಎದ್ದು ಹಬ್ಬದೂಟ ಉಣ್ಣುತ್ತಿದ್ದ ದಿನಗಳು. ಅಪ್ಪ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದ. ಹುಳಕ್ಕೆ ಒಗ್ಗರಣೆಯ ವಾಸನೆ ಆಗುವುದಿಲ್ಲವಲ್ಲ, ಹಾಗಾಗಿ ಆ ವಾರವೆಲ್ಲ ನಮ್ಮ ಮನೆಯಲ್ಲಿ ಉಪ್ಸಾರು. ಹೆಂಡತಿ ಅದಕ್ಕೆ ಖಾರ ಅರೆಯುತ್ತಾ ಕೂತಿದ್ದಳು. ನಾನು ಕ್ಯಾಸೆಟ್ಟಿನ ಎರಡನೇ ಬದಿ ಹಾಕಿದೆ. ಪದ ಏರಿತು. ನನ್ನ ಕಾಲ್ಬೆರಳುಗಳು ಕುಣಿಯತೊಡಗಿದವು. ಎಲ್ಲ ನಿಂತಿತು. ಉಸಿರು ಹಿಡಿದೆ.

ಏನೂ ಇಲ್ಲ. ಖಾಲಿ. ಕಿವಿಯೊಳಗೆ ಯಾವಾಗಲೂ ಇರುತ್ತಿದ್ದ ಗುಂಯ್ ಅನ್ನುವ ಒಂದು ಸದ್ದು, ಅಷ್ಟೇ. ಆಮೇಲೆ ಗಂಟಲುಗಳು ಎದ್ದವು.

ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಮತ್ತೆ ಖಾಲಿ. ಹಿಂದಿನ ವಾರಗಳಲ್ಲಿ ಆ ಎಳೆ ಸ್ವಲ್ಪ ಸ್ವಲ್ಪವೇ ತೆಳ್ಳಗಾಗುತ್ತಿದ್ದುದು ನನಗೆ ಗೊತ್ತಿತ್ತು. ಟೇಪು ಹಳೆಯದಾಯಿತು, ಸವೆಯುತ್ತಿದೆ ಅಂದುಕೊಂಡಿದ್ದೆ. ಈಗ ಪೂರ್ತಿ ಹೋಗಿಬಿಟ್ಟಿತ್ತು. ಮತ್ತೆ ಹಿಡಿದಿಟ್ಟುಕೊಳ್ಳೋಣ ಅಂದರೆ ಮೇಳ ಎಲ್ಲಿದೆ? ಪಂಚೆಯ ಅಂಚಿನಿಂದ ಟೇಪಿನ ಹೆಡ್ ಒರೆಸಿದೆ. ಊದಿದೆ. ಮೇಲೊಂದು ಪೆಟ್ಟು ಕೊಟ್ಟೆ. ಸದ್ದು ಜೋರು ಮಾಡಿದೆ, ಇನ್ನೂ ಜೋರು ಮಾಡಿದೆ. ತಬಲ ಎದೆಗೆ ಗುದ್ದುತ್ತಿತ್ತು, ತಾಳ ಮಾತ್ರ ಇಲ್ಲ.

ಹೆಂಡತಿ ಖಾರದ ಕೈಯಲ್ಲೇ ಓಡಿಬಂದಳು. ಬಾಯಿ ಆಡುತ್ತಿತ್ತು, ಮಾತು ತಿಳಿಯಲಿಲ್ಲ. ಸದ್ದು ತಗ್ಗಿಸಿದೆ.

"ಊರೆಲ್ಲ ಕೇಳಂಗೆ ಯಾಕಿಂಗೆ ಹಾಕಿದ್ದೀರಿ? ಹುಳ ಬೆದರ್ತವೆ ಕಣ್ರೀ!"

"ಕ್ಯಾಸೆಟ್ ಕೆಟ್ಟೋಗೈತೆ ಕಣೆ. ತಾಳ ಅಳಿಸೋಗೈತೆ."

"ಯಾವ ತಾಳ? ಮಾವನ ತಾಳವಾ? ಈಗ ಕೇಳ್ತಲ್ಲಾ, ಹಿತ್ತಿಲಿಗೂ ಕೇಳ್ತು."

"ನಿಂಗೇನ್ ಗೊತ್ತು ಭಜನೆ ವಿಷ್ಯ? ಓಗು, ಖಾರ ಅರಿ ಓಗು," ಅಂತ ರೇಗಿದೆ. ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು. ಅವಳು ಹೇಳಿದ್ದನ್ನು ಅಲ್ಲೇ, ಆಗಲೇ ಯೋಚನೆ ಮಾಡಬಹುದಿತ್ತು. ನನ್ನ ಬುದ್ಧಿ ಮೊಪೆಡ್ಡಿನ ಕೀಲಿ ಹುಡುಕುತ್ತಿತ್ತು.

ಟೇಪ್ ರೆಕಾರ್ಡರನ್ನು ಟವಲಿನಲ್ಲಿ ಸುತ್ತಿ ಮೊಪೆಡ್ಡಿನ ಮುಂದಿಟ್ಟುಕೊಂಡು ಚನ್ನಪಟ್ಟಣಕ್ಕೆ ಹೊರಟೆ. ಪೇಟೆಯ ಒಂದು ಗಲ್ಲಿಯಲ್ಲಿ ಬೊಂಬೆ ಕಡೆಯುವ ಮನೆಗಳ ನಡುವೆ ಒಬ್ಬ ಸಾಬರ ರೇಡಿಯೋ ರಿಪೇರಿ ಅಂಗಡಿ ಇತ್ತು. ನನಗಿಂತ ಹಿರಿಯರು, ನಿಧಾನಸ್ಥರು. ದಾರಿಯುದ್ದಕ್ಕೂ ಚಡಪಡಿಕೆ. ರಜೆ ಮುಗಿದುಹೋಗುತ್ತಿದೆ, ಬಿಸಿಲು ಏರುತ್ತಿದೆ, ನಾಳೆ ಮತ್ತೆ ಬಸ್ಸು. ಇಡೀ ವಾರಕ್ಕೆ ಸಿಗುವ ಒಂದು ಟಿಣ್ ಕೂಡ ನನಗೆ ದಕ್ಕಲಿಲ್ಲವಲ್ಲ ಅಂತ ಅಳು ಬರುವ ಹಾಗಾಯಿತು.

ಸಾಬರು ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಕ್ಯಾಸೆಟ್ ಹಾಕಿದರು. ನಾನು ಹೇಳಿದ ಜಾಗ ಬಂದಾಗ ಕತ್ತು ಒಂದು ಕಡೆಗೆ ವಾಲಿಸಿ ಕೇಳಿದರು. ಮುಖದಲ್ಲಿ ಸಣ್ಣ ನಗು ಮೂಡಿತು.

"ಬಹುತ್ ಅಚ್ಛಾ ಐತಣ್ಣ. ಯಾರು ತಾಳ ಹಾಕಿದ್ದು? ಕೈ ಭಾಳ ಮೆತ್ತಗೈತೆ ಅವರ್ದು."

"ಎಲ್ಲಿ ಸಾಬ್ರೆ ಐತೆ ತಾಳ? ನನಗೇನೂ ಕೇಳ್ತಾ ಇಲ್ವಲ್ಲ!"

ಅವರು ಮತ್ತೆ ಹಾಕಿದರು. ನನ್ನ ಮುಖವನ್ನೇ ನೋಡಿದರು. ಆಮೇಲೆ, "ನೀವು ಬಿಡದಿಗೆ ಓಗ್ತೀರಲ್ವಾ?" ಅಂತ ಕೇಳಿದರು. ಹೌದು ಅಂದೆ. "ಆ ಕಡೆ ಕೆಲ್ಸಕ್ಕೆ ಓಗೋರು ಸುಮಾರು ಜನ ಬತ್ತಾರೆ ಅಣ್ಣ. ಟ್ರೆಬಲ್, ಅದೇ ಸಣ್ಣ ಸದ್ದು, ಕಮ್ಮಿ ಆಗೈತೆ, ಜಾಸ್ತಿ ಮಾಡ್ಕೊಡಿ ಅಂತಾರೆ. ನಾನೂ ಮಾಡಿ ಕೊಡ್ತೀನಿ. ಯಾಕೆ ಅಂತ ನಂಗೂ ಗೊತ್ತಾಗಾಕಿಲ್ಲ. ಟೇಪೆಲ್ಲ ಸರಿಯಾಗೇ ಇರ್ತವೆ."

ನನಗೆ ಉರಿದುಹೋಯಿತು. ಎಲಾ ಇವನ, ರಿಪೇರಿ ಮಾಡಲು ಬಾರದೆ ನನ್ನ ಮೇಲೆ ಹಾಕುತ್ತಾನಲ್ಲ ಅನಿಸಿತು. "ಬರಾಕಿಲ್ಲ ಅಂದ್ರೆ ಬರಾಕಿಲ್ಲ ಅನ್ನಿ ಸಾಬ್ರೆ, ಸುಮ್ನೆ ಕತೆ ಹೇಳ್ಬ್ಯಾಡಿ," ಅಂದು ಟೇಪ್ ಕಿತ್ತುಕೊಂಡ ಹಾಗೆ ಎತ್ತಿಕೊಂಡೆ. ಅವರು ಸಿಟ್ಟಾಗಲಿಲ್ಲ. ಟವಲು ಮರೆತಿದ್ದೆ. ಅದನ್ನು ಅವರೇ ಮಡಿಸಿ ಬೀದಿಗೆ ತಂದುಕೊಟ್ಟರು.

ಮನೆಗೆ ಬಂದಾಗ ನಡುಹಗಲು ದಾಟಿತ್ತು. ಅಪ್ಪ ಹುಳಕ್ಕೆ ಸೊಪ್ಪು ಹಾಕಿ, ಉಂಡು, ಮತ್ತೆ ತೋಟಕ್ಕೆ ಹೊರಟುಹೋಗಿದ್ದ. ಹೆಂಡತಿಯ ಮುನಿಸು ಇಳಿದಿರಲಿಲ್ಲ. ಮುದ್ದೆ, ಉಪ್ಸಾರು ತಂದಿಟ್ಟು, ಕಣ್ಣು ಬೇರೆ ಕಡೆ ಇಟ್ಟುಕೊಂಡು ಹೇಳಿದಳು:

"ನಾನು ಹಿತ್ತಿಲಲ್ಲಿ ಪಾತ್ರೆ ತೊಳೀತೀನಿ. ಮಾವ ಹೇಳವ್ರೆ, ಉಂಡ್ಮೇಲೆ ಒಸಿ ಹುಳಿನ ಮನೆಗೆ ಕಿವಿ ಕೊಡ್ಬೇಕಂತೆ. ಸೊಪ್ಪು ಮುಗೀತಾ ಬಂದ್ರೆ ಕೂಗಿ."

ಅಷ್ಟನ್ನೂ ನಾನು ಅವಳ ತುಟಿ ನೋಡಿಕೊಂಡೇ ತಿಳಿದುಕೊಂಡೆ ಅಂತ ಈಗ ಅನಿಸುತ್ತದೆ.

ಕೈ ತೊಳೆದು ಹುಳಿನ ಮನೆಯ ಬಾಗಿಲಿಗೆ ಹೋದೆ. ಚಡಪಡಿಕೆ ಇಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಅಂತ ಸ್ವಲ್ಪ ಸಮಾಧಾನವೂ ಆಗಿತ್ತು. ತಾಳವಿಲ್ಲದಿದ್ದರೆ ಹೋಗಲಿ, ಈ ಸೋನೆಯನ್ನಾದರೂ ಕೇಳೋಣ ಅಂದುಕೊಂಡೆ. ಬಾಗಿಲನ್ನು ಒಂದು ಬೆರಳಷ್ಟು ತೆರೆದೆ. ಅಪ್ಪನ ಹಾಗೆಯೇ ತಲೆ ಬಗ್ಗಿಸಿ ಕಣ್ಣು ಮುಚ್ಚಿದೆ.

ಸದ್ದಿಲ್ಲ.

ಒಳಗೆ ಕತ್ತಲು. ಅಟ್ಟಣೆಯ ಮೇಲೆ ಹಾಸಿದ್ದ ಕಡ್ಡಿಸೊಪ್ಪಿನ ಹಸಿರು ಮಬ್ಬಾಗಿ ಕಂಡಿತು. ಹುಳ ಸೊಪ್ಪಿನ ಅಡಿಯಲ್ಲಿ. ಕಣ್ಣು ಬಿಟ್ಟು ಮತ್ತೆ ಮುಚ್ಚಿದೆ. ಉಸಿರು ಹಿಡಿದೆ. ಒಂದು ಹನಿ ಸದ್ದೂ ಇಲ್ಲ. ಹಿಂದಿನ ದಿನ ಪಕ್ಕದವರು ಟೊಮೇಟೊ ಹೊಲಕ್ಕೆ ಔಷಧಿ ಹೊಡೆದಿದ್ದರು. ಅದು ಗಾಳಿಯಲ್ಲಿ ಬಂದು ನಮ್ಮ ಸೊಪ್ಪಿನ ಮೇಲೆ ಕೂತರೆ ಮುಗಿಯಿತು, ಹುಳ ತಲೆ ಎತ್ತಿ ಹಾಗೇ ನಿಂತುಬಿಡುತ್ತದೆ, ಬಾಯಿ ಆಡಿಸುವುದಿಲ್ಲ. ಪೂರಾ ನಿಂತರೆ ಏನೋ ಕೆಟ್ಟಿದೆ. ಅದು ನನ್ನ ರಕ್ತಕ್ಕೇ ಗೊತ್ತಿದ್ದ ಮಾತು. ಒಳಗೆ ನುಗ್ಗಿ ಒಂದು ಕಡ್ಡಿ ಎತ್ತಿ ನೋಡಬಹುದಿತ್ತು. ನಮ್ಮ ಮನೆಯಲ್ಲಿ ಬೆಳೆದವನು ಯಾರೂ ಹಾಗೆ ಮಾಡುವುದಿಲ್ಲ.

"ಅಪ್ಪಾ! ಅಪ್ಪೋ! ಹುಳ ತಿಂತಾ ಇಲ್ಲ! ಹುಳ ನಿಂತೋಗವೆ, ಬಾರಪ್ಪೋ!" ಅಂತ ಕಿರುಚಿಕೊಂಡು ತೋಟದ ಕಡೆ ಓಡಿದೆ.

ಅಪ್ಪ ಕುಡುಗೋಲು ಎಸೆದು ಬಂದ. ಆ ವಯಸ್ಸಿನಲ್ಲಿ ಅವನು ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಲೆಯ ವಸ್ತ್ರ ಬದುವಿನ ಮೇಲೆ ಬಿತ್ತು, ಕಾಲಿಗೆ ಮುಳ್ಳು ಸಿಕ್ಕಿತು, ನಿಲ್ಲಲಿಲ್ಲ. "ಅಯ್ಯೋ ಶಿವನೇ, ಕೆಟ್ಟೆನಲ್ಲಪ್ಪಾ," ಅನ್ನುತ್ತಲೇ ಅಂಗಳಕ್ಕೆ ಬಂದ. ಹೆಂಡತಿ ಬೂದಿಯ ಕೈಯಲ್ಲಿ ಹಿತ್ತಿಲಿಂದ ಓಡಿಬಂದಳು. ಮೂವರೂ ಬಾಗಿಲ ಹತ್ತಿರ ನಿಂತೆವು. ಅಪ್ಪ ಏದುಸಿರು ತಡೆಯಲು ಬಾಯಿಗೆ ಅಂಗೈ ಮುಚ್ಚಿಕೊಂಡು ತಲೆ ಬಗ್ಗಿಸಿದ. ಕಣ್ಣು ಮುಚ್ಚಿದ.

ಅವನ ಭುಜ ಮೊದಲು ಇಳಿಯಿತು. ಆಮೇಲೆ ಮುಖ ಸಡಿಲವಾಯಿತು. ಕಣ್ಣು ಬಿಟ್ಟು ನನ್ನ ಕಡೆ ತಿರುಗಿದ. ಬೈಯುತ್ತಾನೆ ಅಂದುಕೊಂಡೆ.

"ತಿಂತಾ ಅವಲ್ಲೋ," ಅಂದ.

"ಇಲ್ಲ ಕಣಪ್ಪ, ಚೆನ್ನಾಗಿ ಕೇಳು. ಸದ್ದೇ ಇಲ್ಲ."

"ಅಯ್ಯೋ, ಏನಿಂಗಂತೀರಿ?" ಅಂದಳು ಹೆಂಡತಿ. "ಮಳೆ ಉಯ್ದಂಗೆ ಉಯ್ತಾ ಐತೆ. ನಂಗೆ ಇಲ್ಲಿಗೇ ಕೇಳ್ತಾ ಐತೆ."

ಅವಳು ನಿಂತಿದ್ದದ್ದು ಬಾಗಿಲಿನಿಂದ ನನಗಿಂತ ದೂರ. ನಾನು ತಲೆಯನ್ನು ಬಾಗಿಲ ಸಂದಿಗೆ ಒತ್ತಿದೆ. ಮರ ಕೆನ್ನೆಗೆ ತಣ್ಣಗೆ ತಾಗಿತು. ಗುಂಯ್ ಅನ್ನುವ ನನ್ನದೇ ಸದ್ದು ಬಿಟ್ಟರೆ ಬೇರೇನಿಲ್ಲ. ತಿರುಗಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹೆಂಡತಿಯ ಮುಖದಲ್ಲಿ ಬೆಳಗಿನ ಮುನಿಸು ಒಂದು ಚೂರೂ ಉಳಿದಿರಲಿಲ್ಲ. ಸಾಬರ ಅಂಗಡಿಯಲ್ಲಿ ಕಂಡ ನೋಟವೇ ಇಲ್ಲೂ ಕಂಡಿತು. ಆಗಲೂ ನಾನು, "ತಿಂತಾ ಇದ್ರೆ ಸರಿ ಬುಡು, ನಂಗೆ ನೆಗಡಿ ಆಗೈತೆ, ಕಿವಿ ಕಟ್ಕಂಡೈತೆ," ಅಂದೆ. ನೆಗಡಿ ಇರಲಿಲ್ಲ.

ಅಪ್ಪ ಜಗುಲಿಯ ಮೇಲೆ ಕೂತು ಕಾಲಿನ ಮುಳ್ಳು ತೆಗೆದುಕೊಂಡ. ನಾನು ಕೂರಲಾರದೆ ಅಂಗಳದಲ್ಲಿ ತಿರುಗುತ್ತಲೇ ಇದ್ದೆ. ನೀರು ತರುತ್ತೇನೆ ಅಂದೆ, ಕೊಡ ತುಂಬಿತ್ತು. ಸೌದೆ ಒಡೆಯುತ್ತೇನೆ ಅಂದೆ, ಒಡೆದ ಸೌದೆ ರಾಶಿ ಬಿದ್ದಿತ್ತು. ಕೊನೆಗೆ ಸಂಜೆ ದನ ಮನೆಗೆ ಬರುವ ಹೊತ್ತಿಗೆ ಅಪ್ಪ ಒಳಗೆ ಹೋಗಿ ಗೂಡಿನಿಂದ ಆ ಪಂಚೆಯ ತುಂಡಿನ ಗಂಟು ತೆಗೆದುಕೊಂಡು ಬಂದ.

"ಬಾ ಇಲ್ಲಿ, ಕೂತ್ಕೊ. ಆ ಕಡೆ ಮೊಕ ಮಾಡು," ಅಂದ, ನನ್ನ ಭುಜ ಹಿಡಿದು ಬೀದಿಯ ಕಡೆ ತಿರುಗಿಸುತ್ತಾ.

"ಯಾಕಪ್ಪ?"

"ನಿನ್ನ ಪದ ಹೇಳ್ತೀನಿ. ತಾಳ ಕೇಳ್ದಾಗ ಕೈ ಎತ್ತು. ಅಷ್ಟೇಯ."

ಆಗುವುದಿಲ್ಲ ಅಂತ ಎದ್ದು ಹೋಗಿಬಿಡೋಣ ಅನಿಸಿತು, ಕಾಲು ಆಗಲೇ ಚಪ್ಪಲಿಯ ಕಡೆ ಸರಿದಿತ್ತು. ಎದುರಿಗೆ ಮೆಟ್ಟಿಲ ಹತ್ತಿರ ಹೆಂಡತಿ ಕೂತಿದ್ದಳು. ಅವಳು ಕಣ್ಣಿನಲ್ಲೇ ಕೂರಿ ಅಂದಳು. ಕೂತೆ. ಬೆನ್ನ ಹಿಂದೆ ಅಪ್ಪ ಶುರು ಮಾಡಿದ. ಅವನ ಗಂಟಲು ದಪ್ಪ, ಅದು ನನಗೆ ಚೆನ್ನಾಗಿ ಕೇಳುತ್ತಿತ್ತು. ಎಷ್ಟು ವರ್ಷವಾಗಿತ್ತೋ ಅವನು ಹಾಡಿ. ಒಬ್ಬನೇ ಇಡೀ ಮೇಳದ ಹಾಗೆ ನಿಧಾನಕ್ಕೆ ಹಿಡಿದು ಏರಿಸುತ್ತಾ ಹೋದ. ನನ್ನ ತೊಡೆಯ ಮೇಲೆ ಬೆರಳುಗಳು ಲೆಕ್ಕ ಹಾಕತೊಡಗಿದವು. ಇಲ್ಲಿ ತಬಲದವನು ತಡವುತ್ತಾನೆ, ಇಲ್ಲಿ ಯಾರೋ ಕೆಮ್ಮುತ್ತಾರೆ, ಇಲ್ಲಿ ಎಲ್ಲರೂ ಏರುತ್ತಾರೆ. ಅಪ್ಪನ ದನಿ ನಿಂತಿತು.

ಆ ಖಾಲಿಯಲ್ಲಿ ನನಗೆ ಕೇಳಿತು. ದೇವರಾಣೆ ಕೇಳಿತು. ಟಿಣ್ ಅಂತ ಸಣ್ಣಗೆ, ನೂಲಿನ ಎಳೆಯ ಹಾಗೆ, ಉದ್ದಕ್ಕೆ. ನನಗೆ ಎಷ್ಟು ಖುಷಿಯಾಯಿತೆಂದರೆ ಕೈಯನ್ನು ಶಾಲೆಯ ಮಗುವಿನ ಹಾಗೆ ಮೇಲಕ್ಕೆತ್ತಿಬಿಟ್ಟೆ. "ಕೇಳ್ತು ಕಣಪ್ಪ! ನಾನ್ ಹೇಳ್ಲಿಲ್ವಾ, ಬರೀ ನೆಗಡಿ!" ಅಂದೆ. ನಗುತ್ತಾ ಎದುರಿಗಿದ್ದ ಹೆಂಡತಿಯನ್ನು ನೋಡಿದೆ. ಅವಳು ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

ತಿರುಗಿದೆ. ಅಪ್ಪನ ಎರಡು ಕೈಯಲ್ಲಿ ತಾಳದ ಎರಡು ಬಟ್ಟಲು ದೂರ ದೂರ ನಿಂತಿದ್ದವು. ನಡುವೆ ಒಂದು ಗೇಣು ಜಾಗವಿತ್ತು.

"ನಾನಿನ್ನೂ ತಾಗಿಸೇ ಇಲ್ಲ ಕಣ್ಲಾ ಮಗ," ಅಂದ.

ಅಂಗಳದಲ್ಲಿ ಹಸು ಕತ್ತು ಕೊಡವಿತು. ಇಷ್ಟು ವಾರ ಕ್ಯಾಸೆಟ್ಟಿನಲ್ಲಿ ನಾನು ಕೇಳಿದ್ದರಲ್ಲಿ ಎಷ್ಟು ಅದರೊಳಗಿನದು, ಎಷ್ಟು ನನ್ನ ತಲೆಯೊಳಗಿನದು ಅಂತ ಕೇಳಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಗಟ್ಟಿಯಾಗಿ ಹೊಡೆದಿದ್ದರೆ ಕೇಳುತ್ತಿತ್ತೋ ಏನೋ. ಆ ಪದಕ್ಕೆ ಗಟ್ಟಿಯಾಗಿ ಹೊಡೆಯುವುದಿಲ್ಲ.

ಅಪ್ಪ ಬಂದು ನನ್ನ ಎದುರಿಗೇ ಕೂತ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅದೇ ಪದವನ್ನು ಮತ್ತೆ ಮೊದಲಿನಿಂದ ಹಿಡಿದ. ನಾನು ಅಲುಗದೆ ಕೂತಿದ್ದೆ, ಆ ದಿನದಲ್ಲಿ ಅದೇ ಮೊದಲು. ಏರಿಸಿದ, ಏರಿಸಿದ, ನಿಲ್ಲಿಸಿದ. ಬಟ್ಟಲುಗಳನ್ನು ಹತ್ತಿರ ತಂದು ಅಂಚಿಗೆ ಅಂಚು ತಾಗಿಸಿದ.

ತಾಗಿಸಿದ್ದು ನನಗೆ ಕಂಡಿತು.